ಶೀಟಿನ ಮನೆಯ ಸೆಕೆ: ಕಾರಣವೇನು, ಉಪಾಯವೇನು, ಖರ್ಚೆಷ್ಟು?

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಸಿಇಟಿ, ನೀಟ್ ಮತ್ತು ಪಿಯು ಎರಡನೇ ಪರೀಕ್ಷೆಯ ಓದು ನಡೆಯುವುದೂ ಅದೇ ದಿನಗಳಲ್ಲಿ. ನಮ್ಮಲ್ಲಿ ಅನೇಕರ ಮನೆಗೆ ಸಿಮೆಂಟ್ ಶೀಟು ಅಥವಾ ತಗಡಿನ ಛಾವಣಿಯಿದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಲ್ಲಿ ಪುಸ್ತಕ ಹಿಡಿದು ಕೂರುವುದೇ ಕಷ್ಟ. ಮನೆಯಲ್ಲಿರುವ ಹಸುಗೂಸು, ವಯಸ್ಸಾದವರು, ಒಲೆಯ ಮುಂದೆ ನಿಲ್ಲುವ ತಾಯಂದಿರಿಗೆ ಇದು ಆರೋಗ್ಯದ ಪ್ರಶ್ನೆಯೂ ಹೌದು. ಹೊಸ ಮನೆ ಕಟ್ಟದೆಯೇ ಈ ಬಿಸಿಯನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು ಎಂದು ನೋಡೋಣ.

ಬಿಸಿ ಒಳಗೆ ಬರುವುದು ಹೇಗೆ?

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಉಷ್ಣ ಹರಿಯುವ ಮೂರು ಬಗೆಗಳನ್ನು ಓದಿದ್ದೇವೆ: ವಹನ, ಸಂವಹನ, ವಿಕಿರಣ. ಶುಭ್ರ ಆಕಾಶದ ನಡುಹಗಲಲ್ಲಿ ಒಂದು ಚದರ ಮೀಟರ್ ಛಾವಣಿಯ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಹಳೆಯದಾಗಿ ಕಪ್ಪಾದ ಶೀಟು ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಶೀಟು ಬಹಳ ತೆಳು. ಆದ್ದರಿಂದ ವಹನದ ಮೂಲಕ ಬಿಸಿ ಕೆಳಮೈಗೆ ಬರಲು ಹೆಚ್ಚು ಹೊತ್ತು ಬೇಡ. ಅಲ್ಲಿಂದ ಅದು ವಿಕಿರಣವಾಗಿ ನೇರವಾಗಿ ನಮ್ಮ ತಲೆಯ ಮೇಲೆ ಸುರಿಯುತ್ತದೆ. ಫ್ಯಾನ್ ಹಾಕಿದರೂ ಸೆಕೆ ಬಿಡದಿರುವುದು ಇದಕ್ಕೇ. ಫ್ಯಾನ್ ಗಾಳಿಯನ್ನು ಆಡಿಸುತ್ತದೆ, ವಿಕಿರಣವನ್ನು ತಡೆಯುವುದಿಲ್ಲ.

ಒಂದು ಲೆಕ್ಕ ಮಾಡೋಣ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ, ಅಂದರೆ ಸುಮಾರು 11 ಚದರ ಮೀಟರ್. ಸಿಮೆಂಟ್ ಶೀಟಿನ ಕೆಳಮೈ 60 ಡಿಗ್ರಿ, ಕೋಣೆಯೊಳಗಿನ ವಸ್ತುಗಳು 35 ಡಿಗ್ರಿ ಇವೆ ಎಂದುಕೊಳ್ಳಿ. ಎರಡನ್ನೂ ಕೃಷ್ಣಕಾಯ ಎಂದು ಭಾವಿಸಿ ಸ್ಟೀಫನ್ ನಿಯಮ ಹಚ್ಚಿದರೆ ಪ್ರತಿ ಚದರ ಮೀಟರಿಗೆ ಸುಮಾರು 187 ವ್ಯಾಟ್ ಕೆಳಗೆ ಬರುತ್ತದೆ. ಇಡೀ ಕೋಣೆಗೆ ಸುಮಾರು 2000 ವ್ಯಾಟ್. ಅಂದರೆ ತಲೆಯ ಮೇಲೆ ಎರಡು ಇಸ್ತ್ರಿ ಪೆಟ್ಟಿಗೆ ಬಿಡದೆ ಉರಿದ ಹಾಗೆ! ಅದೇ ಶೀಟನ್ನು 45 ಡಿಗ್ರಿಗೆ ಇಳಿಸಿದರೆ ಈ ಅಂಕಿ ಚದರ ಮೀಟರಿಗೆ 70 ವ್ಯಾಟ್‌ಗೆ ಬರುತ್ತದೆ. ಹದಿನೈದು ಡಿಗ್ರಿ ಇಳಿದರೆ ವಿಕಿರಣದ ಹೊರೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ.

ಇದರಿಂದ ಎರಡು ದಾರಿ ತಿಳಿಯುತ್ತವೆ. ಒಂದು, ಶೀಟು ಕಾಯದಂತೆ ಮೇಲಿನಿಂದಲೇ ತಡೆಯುವುದು. ಎರಡು, ಕಾದ ಶೀಟಿಗೂ ನಮಗೂ ನಡುವೆ ಅಡ್ಡಿ ಇಡುವುದು.

ಮೇಲಿನಿಂದ ತಡೆಯುವುದು

ಎಲ್ಲಕ್ಕಿಂತ ಅಗ್ಗದ್ದು ಸುಣ್ಣ. ಬಿಳಿ ಮೈ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಸಿಮೆಂಟ್ ಶೀಟಿಗೆ ಎರಡು ಸಲ ಬಳಿದರೆ ಒಂದು ಬೇಸಿಗೆ ಬಾಳುತ್ತದೆ. ಒಂದು ಕೋಣೆಗೆ ಸಾಮಾನಿನ ಖರ್ಚು ಕೆಲವು ನೂರು ರೂಪಾಯಿ. ಮಳೆಗಾಲದಲ್ಲಿ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ನುಣುಪಾದ ತಗಡಿಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ.

ತಗಡಿಗೆ ಬಿಸಿಲು ತಡೆಯುವ ಬಿಳಿ ಬಣ್ಣವೇ ಸರಿ. ಅಂಗಡಿಯಲ್ಲಿ ‘ಕೂಲ್ ರೂಫ್ ಪೇಂಟ್’ ಎಂದು ಕೇಳಬೇಕು. ಎರಡು ಕೋಟಿಗೆ ಚದರ ಅಡಿಗೆ ಅಂದಾಜು 15ರಿಂದ 25 ರೂಪಾಯಿ. ಅಂಚು, ಏರಿಳಿತ ಸೇರಿ ಛಾವಣಿ 150 ಚದರ ಅಡಿ ಆದರೆ ಮೂರು-ನಾಲ್ಕು ಸಾವಿರದೊಳಗೆ ಮುಗಿಯುತ್ತದೆ. ಕೆಲವು ವರ್ಷ ಬಾಳುತ್ತದೆ, ಆದರೆ ಧೂಳು ಕೂತರೆ ಗುಣ ಕುಗ್ಗುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಬೇಕು.

ಇದು ಬರೀ ಪುಸ್ತಕದ ಮಾತಲ್ಲ. 2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿತು. 2017ರಲ್ಲಿ ಬಡವರ ಬಡಾವಣೆಗಳ ಛಾವಣಿಗಳಿಗೆ ಬಿಳಿ ಬಳಿಯುವ ಕೆಲಸ ಕೈಗೊಂಡಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು.

ಒಳಗಿನಿಂದ ತಡೆಯುವುದು

ನಿಂತ ಗಾಳಿ ಉಷ್ಣದ ಬಹಳ ಕೆಟ್ಟ ವಾಹಕ. ಥರ್ಮೋಕೋಲ್, ಗಾಜಿನ ಉಣ್ಣೆ, ಬಿದಿರಿನ ತಟ್ಟಿ ಎಲ್ಲವೂ ಗಾಳಿಯನ್ನು ಹಿಡಿದಿಟ್ಟೇ ಕೆಲಸ ಮಾಡುತ್ತವೆ. ಶೀಟಿನಿಂದ ಅರ್ಧ-ಒಂದು ಅಡಿ ಕೆಳಗೆ ಬಿದಿರಿನ ತಟ್ಟಿ ಅಥವಾ ಚಾಪೆ ಕಟ್ಟಿದರೂ ನೇರ ವಿಕಿರಣ ತಪ್ಪುತ್ತದೆ. ಗುಳ್ಳೆಯಿರುವ ಅಲ್ಯೂಮಿನಿಯಂ ಹಾಳೆ ಚದರ ಅಡಿಗೆ ಅಂದಾಜು 10ರಿಂದ 20 ರೂಪಾಯಿಗೆ ಸಿಗುತ್ತದೆ. ಹೊಳೆಯುವ ಮೈ ತಾನು ಕಾದರೂ ವಿಕಿರಣವನ್ನು ಬಹಳ ಕಡಿಮೆ ಹೊರಸೂಸುತ್ತದೆ. ಒಂದೇ ಷರತ್ತು: ಆ ಮೈ ಮತ್ತು ಶೀಟಿನ ನಡುವೆ ಗಾಳಿಯ ಜಾಗ ಬಿಟ್ಟಿರಬೇಕು. ಶೀಟಿಗೇ ಅಂಟಿಸಿದರೆ ಆ ಕಡೆಯ ಹೊಳಪು ಉಪಯೋಗಕ್ಕೆ ಬಾರದು.

ಪಿವಿಸಿ ಫಾಲ್ಸ್ ಸೀಲಿಂಗ್ ನೋಡಲು ಚೆಂದ. ಚದರ ಅಡಿಗೆ ಸುಮಾರು ನೂರು ರೂಪಾಯಿ ಎಂದರೂ ನಮ್ಮ ಕೋಣೆಗೆ ಹನ್ನೆರಡು ಸಾವಿರ. ಹಳೆಯ ಶೀಟು ತೆಗೆದು ನಡುವೆ ಫೋಮ್ ತುಂಬಿದ ಹೊಸ ಶೀಟು ಹಾಕಿಸಿದರೆ ಫಲ ಹೆಚ್ಚು, ಖರ್ಚು ಇಪ್ಪತ್ತೈದು ಸಾವಿರ ದಾಟುತ್ತದೆ. ಬಾಡಿಗೆ ಮನೆಯವರಿಗೆ ಇವೆರಡೂ ಆಗುವ ಮಾತಲ್ಲ. ಅಂಥವರು ಬಿಳಿ ಬಣ್ಣ ಮತ್ತು ಬಿಚ್ಚಿಕೊಂಡು ಹೋಗಬಹುದಾದ ತಟ್ಟಿಯನ್ನು ಆರಿಸಿಕೊಳ್ಳುವುದು ಜಾಣತನ.

ಯಾವ ಅಡ್ಡಿ ಹಾಕಿದರೂ ಶೀಟಿನ ಕೆಳಗಿನ ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಎದುರುಬದುರು ಕಿಂಡಿ ಬಿಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸಲು ತೊಡಗಿದ ಹೆಂಚಿನ ಮನೆಗಳು ತಂಪಾಗಿರಲು ಸಂದುಗಳಲ್ಲಿ ಗಾಳಿಯಾಡುವುದೂ ಒಂದು ಕಾರಣ.

ಎಚ್ಚರಿಕೆ

ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಮಾರಕ ಕಾಯಿಲೆ ತರಬಲ್ಲವು. ಆದ್ದರಿಂದ ಅಂಥ ಶೀಟನ್ನು ಉಜ್ಜಬೇಡಿ, ಕೊರೆಯಬೇಡಿ, ಒಣಗಿದ್ದಾಗ ಗುಡಿಸಬೇಡಿ. ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಒಡೆದು ಕೆಳಗೆ ಬೀಳುವ ಅಪಾಯವಿದೆ. ಈ ಕೆಲಸವನ್ನು ಅನುಭವಿಗಳಿಗೇ ಬಿಡಿ. ಥರ್ಮೋಕೋಲ್ ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ಅಡುಗೆಮನೆಯಲ್ಲಿ, ಬಿಚ್ಚಿದ ವೈರಿನ ಹತ್ತಿರ ಅದು ಬೇಡವೇ ಬೇಡ. ಸುಣ್ಣ ಕಲಸುವಾಗ ಕಣ್ಣು ಜೋಪಾನ.

ಮೊದಲು ಯಾವುದು?

ಕೈಯಲ್ಲಿ ಐನೂರು ರೂಪಾಯಿ ಇದ್ದರೆ ಸುಣ್ಣ, ನಾಲ್ಕು ಸಾವಿರ ಇದ್ದರೆ ಬಿಳಿ ಬಣ್ಣ, ಇನ್ನೆರಡು ಸಾವಿರ ಕೂಡಿದಾಗ ಒಳಗೊಂದು ಹೊಳೆಯುವ ಹಾಳೆ. ಈ ಕ್ರಮದಲ್ಲಿ ಹೋದರೆ ಹಾಕಿದ ಹಣಕ್ಕೆ ಹೆಚ್ಚು ತಂಪು ಸಿಗುತ್ತದೆ. ಫಲ ತಿಳಿಯಲು ಒಂದು ತಾಪಮಾಪಕ ಸಾಕು. ಬಳಿಯುವ ಮುನ್ನ ಒಂದು ವಾರ, ಬಳಿದ ಮೇಲೆ ಒಂದು ವಾರ ಮಧ್ಯಾಹ್ನ ಎರಡಕ್ಕೆ ಒಳಗಿನ ಮತ್ತು ಹೊರಗಿನ ತಾಪ ಬರೆದಿಡಿ. ವಿಜ್ಞಾನ ವಿಭಾಗದವರು ಇದನ್ನೇ ಪ್ರಾಜೆಕ್ಟ್ ಆಗಿ ತೆಗೆದುಕೊಂಡು, ಐದಾರು ಮನೆಗಳ ಅಂಕಿಗಳನ್ನು ಕೂಡಿಸಿದರೆ ಬಡಾವಣೆಗೆಲ್ಲ ಉಪಯೋಗಕ್ಕೆ ಬರುವ ಮಾಹಿತಿಯಾಗುತ್ತದೆ.