ಪೀಪಾಯಿ ಗೆದ್ದರೆ ಬಿಯರ್ ಸೋತಂತೆ

ಸುಟ್ಟ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದ ಗಟ್ಟಿ ಬಿಯರಿಗೆ ಮೊದಲ ಗುಟುಕಿನಲ್ಲೇ ಅಂಕ ಕೊಡಲು ಹೋಗಬಾರದು. ಆ ಗುಟುಕಿನಲ್ಲಿ ನಾಲಿಗೆಗೆ ತಾಗುವುದು ಮದ್ಯಸಾರದ ಬಿಸಿ, ಮೂಗಿಗೆ ಬಡಿಯುವುದು ವಿಸ್ಕಿಯ ಘಾಟು. ಇವೆರಡರ ಅಬ್ಬರ ಇಳಿದ ಮೇಲೆಯೇ ಅಡಿಯಲ್ಲಿ ಬಿಯರ್ ಎಂಬುದು ಇದೆಯೋ ಇಲ್ಲವೋ ತಿಳಿಯುತ್ತದೆ. ನನ್ನ ಮಟ್ಟಿಗೆ ಅಂಕ ತೀರ್ಮಾನವಾಗುವುದು ಒಂದೇ ಪ್ರಶ್ನೆಯ ಮೇಲೆ: ಪೀಪಾಯಿಯಲ್ಲಿ ಇಷ್ಟು ದಿನ ಕಳೆದ ಮೇಲೂ ಹುರಿದ ಬಾರ್ಲಿಯ ರುಚಿ ತನ್ನ ಕಾಲ ಮೇಲೆ ನಿಂತಿದೆಯೇ?

ಈ ಪ್ರಶ್ನೆಗೆ ಒಡ್ಡಲು ಷಿಕಾಗೋ ನಗರದ ಗೂಸ್ ಐಲ್ಯಾಂಡ್ ಬ್ರೂವರಿಯ ‘ಬರ್ಬನ್ ಕೌಂಟಿ ಸ್ಟೌಟ್’ಗಿಂತ ತಕ್ಕ ಬಿಯರ್ ಇನ್ನೊಂದಿಲ್ಲ. ಸ್ಟೌಟ್ ಎಂಬುದು ಏಲ್ ಮನೆತನದ ಕಪ್ಪು ಬಿಯರ್. ಬರ್ಬನ್ ಕೌಂಟಿಯಲ್ಲಿ ಮದ್ಯಸಾರ ಶೇ 14ರ ಆಸುಪಾಸು, ವರ್ಷದಿಂದ ವರ್ಷಕ್ಕೆ ತುಸು ಹೆಚ್ಚುಕಡಿಮೆ. ನಮ್ಮಲ್ಲಿ ಸಿಗುವ ಶೇ 5ರ ಬಿಯರಿನ ಜೊತೆ ಹೋಲಿಸಿ ಲೆಕ್ಕ ಹಾಕಿ: ಇದರ 500 ಮಿಲಿ ಬಾಟಲಿಯಲ್ಲಿ 70 ಮಿಲಿ ಶುದ್ಧ ಮದ್ಯಸಾರ ಇರುತ್ತದೆ. ಅಂದರೆ 650 ಮಿಲಿಯ ಎರಡು ಬಾಟಲಿಗಿಂತ ಜಾಸ್ತಿ, 30 ಮಿಲಿಯ ಐದು ಪೆಗ್ ವಿಸ್ಕಿಗಿಂತಲೂ ಜಾಸ್ತಿ. ಒಬ್ಬರೇ ಕೂತು ಮುಗಿಸುವ ಬಾಟಲಿ ಇದಲ್ಲ. ನಾಲ್ಕೈದು ಜನ ಹಂಚಿಕೊಂಡು, ಊಟದ ನಂತರ, ನಿಧಾನವಾಗಿ ಹೀರುವಂಥದ್ದು.

ಜಾನ್ ಹಾಲ್ 1988ರಲ್ಲಿ ಷಿಕಾಗೋದ ಕ್ಲೈಬೋರ್ನ್ ಅವೆನ್ಯೂದಲ್ಲಿ ಬಿಯರ್ ತಯಾರಿಸಿ ಅಲ್ಲೇ ಮಾರುವ ಪಬ್ ತೆರೆದರು. ಮಗ ಗ್ರೆಗ್ ಹಾಲ್ ಅಲ್ಲಿ ಬ್ರೂಮಾಸ್ಟರ್ ಆದರು. ಒಂದು ಔತಣದಲ್ಲಿ ಗ್ರೆಗ್‌ಗೆ ಜಿಮ್ ಬೀಮ್ ಬರ್ಬನ್ ವಿಸ್ಕಿ ಮನೆತನದ ಬೂಕರ್ ನೋ ಪರಿಚಯವಾದರು. ಆ ಪರಿಚಯದ ಫಲವಾಗಿ ಬರ್ಬನ್ ಖಾಲಿ ಮಾಡಿದ ಆರು ಪೀಪಾಯಿಗಳು ಷಿಕಾಗೋಗೆ ಬಂದವು. ಇದು 1992ರ ಮಾತು ಎಂದು ಕಂಪನಿ ಹೇಳಿಕೊಂಡು ಬಂದಿದೆ. ಪತ್ರಕರ್ತ ಜಾಶ್ ನೋಯೆಲ್ 2018ರ ತಮ್ಮ ಪುಸ್ತಕದಲ್ಲಿ ಹಳೆಯ ದಾಖಲೆಗಳನ್ನು ಕೆದಕಿ 1995 ಎಂದಿದ್ದಾರೆ. ನನಗೆ ನೋಯೆಲ್ ಅವರ ವಾದವೇ ಗಟ್ಟಿ ಅನಿಸುತ್ತದೆ. ಇಸವಿ ಯಾವುದೇ ಇರಲಿ, ಗ್ರೆಗ್ ಹಾಲ್ ಒಂದು ವಿಷಯವನ್ನು ಆಗಲೇ ಸರಿಯಾಗಿ ಗ್ರಹಿಸಿದ್ದರು: ಸಾಧಾರಣ ಸ್ಟೌಟನ್ನು ಬರ್ಬನ್ ಪೀಪಾಯಿಗೆ ಸುರಿದರೆ ಪೀಪಾಯಿ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಅವರು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಧಾರಾಳವಾಗಿ ಸುರಿದು, ಗ್ಲಾಸಿಗೆ ಅಂಟುವಷ್ಟು ಮಂದವಾದ ಸ್ಟೌಟ್ ಮಾಡಿದರು. ಪೀಪಾಯಿಯ ಎದುರು ನಿಲ್ಲುವ ಕಸುವು ಬಿಯರಿನಲ್ಲೇ ಇರಬೇಕು ಎಂಬುದು ಆ ಪಾಕದ ಮೂಲ ಲೆಕ್ಕಾಚಾರ.

ಈ ಪೀಪಾಯಿಗಳು ಬ್ರೂವರಿಗಳಿಗೆ ಸಿಗುವುದಕ್ಕೂ ಒಂದು ಕಾನೂನು ಕಾರಣ. ಅಮೆರಿಕದಲ್ಲಿ ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು, ಮಾಗಿಸಲು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು. ಹೊಸದೇ ಆಗಬೇಕು ಎಂದ ಮೇಲೆ, ಒಮ್ಮೆ ಬರ್ಬನ್ ತುಂಬಿ ಇಳಿಸಿದ 200 ಲೀಟರಿನ ಪೀಪಾಯಿ ಮತ್ತೆ ಬರ್ಬನ್ನಿಗೆ ಬಾರದು. ಹಾಗೆ ಬಿಡುಗಡೆಯಾದ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹಡಗು ಹತ್ತುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ಗೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಮಾಗಿದ್ದು ಇಂಥ ಮರದಲ್ಲೇ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಶೇ 10ಕ್ಕೂ ಮೇಲೆ ಹೋಗುತ್ತದೆ. ಮಾಗುವ ವೇಗದಲ್ಲಿ ಹವಾಮಾನದ ಕೈ ಎಷ್ಟು ದೊಡ್ಡದೆಂದು ಇದರಿಂದಲೇ ಗೊತ್ತಾಗುತ್ತದೆ. ಷಿಕಾಗೋದಲ್ಲಿಯೂ ಹಾಗೆಯೇ: ಬೇಸಿಗೆಯ ಸೆಕೆಗೆ ಬಿಯರ್ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಮರದ ಸಾರ ಹೊತ್ತು ಹೊರಬರುತ್ತದೆ.

ಮರ ಕೊಡುವುದೇನು? ಓಕಿನ ಲಿಗ್ನಿನ್ ಬೆಂಕಿಯ ಕಾವಿಗೆ ಒಡೆದು ವೆನಿಲಿನ್ ಆಗುತ್ತದೆ, ವೆನಿಲ್ಲಾದ ಪರಿಮಳ ಅಲ್ಲಿಂದ. ಮರದ ಹೆಮಿಸೆಲ್ಯುಲೋಸ್ ಕಾವಿಗೆ ಒಡೆದು ಕ್ಯಾರಮೆಲ್ ಬಣ್ಣ, ಸಿಹಿ ಕಂಪು ತರುತ್ತದೆ. ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ವಾಸನೆ, ಯೂಜಿನಾಲ್‌ನಿಂದ ಲವಂಗ. ಟ್ಯಾನಿನ್ ಒಗರು ಬಿಡುತ್ತದೆ. ಇದರ ಮೇಲೆ ಹಲಗೆಗಳು ಹೀರಿಕೊಂಡಿದ್ದ ಬರ್ಬನ್ ಕೂಡ ಬಿಯರಿಗೆ ಇಳಿಯುತ್ತದೆ. ಶೇ 14ರಲ್ಲಿ ಅದರದೂ ಒಂದು ಪಾಲಿದೆ. ಇಷ್ಟೊಂದು ಸಂಗತಿಗಳು ಮರದ ಕಡೆಯಿಂದಲೇ ಬರುವಾಗ ಬಾರ್ಲಿಯ ಪಾಡು ಏನಾಗಬೇಡ!

ಈಗ ಗ್ಲಾಸಿಗೆ ಬರೋಣ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಡಬೇಕು. 13-14 ಡಿಗ್ರಿಗೆ ಬರುವವರೆಗೆ ಇದರ ಪರಿಮಳ ಬಾಯಿ ಬಿಡುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ಬೇಕು. ಸುರಿಯುವಾಗ ಇದು ಬುಳಬುಳನೆ ಬೀಳದೆ ಎಣ್ಣೆಯಂತೆ ಇಳಿಯುತ್ತದೆ. ಬೆಳಕಿಗೆ ಹಿಡಿದರೂ ಅಂಚಿನಲ್ಲಿ ಮಾತ್ರ ಕಂದು ಮಿಂಚುತ್ತದೆ, ಉಳಿದಿದ್ದೆಲ್ಲ ಕಪ್ಪು. ಕಾಫಿ ಬಣ್ಣದ ತೆಳ್ಳನೆಯ ನೊರೆ ಎದ್ದು ಬೇಗನೆ ಅಡಗುತ್ತದೆ. ಇಷ್ಟು ಮದ್ಯಸಾರವಿದ್ದರೆ ನೊರೆ ನಿಲ್ಲದು. ಅದಕ್ಕೆ ಅಂಕ ಕಡಿಯುವುದು ನ್ಯಾಯವಲ್ಲ.

ಮೂಗನ್ನು ಗ್ಲಾಸಿಗೆ ಆನಿಸಿದಾಗ ಮೊದಲು ಬರ್ಬನ್, ಹಿಂದೆಯೇ ವೆನಿಲ್ಲಾ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಇನ್ನೊಮ್ಮೆ ಮೂಸಿದರೆ ಕಹಿ ಚಾಕೊಲೇಟ್, ಖರ್ಜೂರ, ಒಂದಿಷ್ಟು ತಂಬಾಕಿನೆಲೆ. ಬಾಯಿಗೆ ಇಟ್ಟಾಗ ಮೊದಲು ಸಿಹಿ ಹರಡುತ್ತದೆ. ನಾಲಿಗೆಯ ನಡುವೆ ಹುರಿದ ಮಾಲ್ಟ್ ಎದ್ದು ಸಿಹಿಗೆ ಅಡ್ಡ ಬರುತ್ತದೆ, ಹಿಂಬದಿಯಲ್ಲಿ ಓಕಿನ ಒಗರು, ನುಂಗಿದ ಮೇಲೆ ಎದೆಯವರೆಗೂ ಬೆಚ್ಚಗೆ. ಆಗ ಗ್ಲಾಸನ್ನು ಕೆಳಗಿಟ್ಟು ಕಾಯಬೇಕು. ಇಪ್ಪತ್ತು ನಿಮಿಷದಲ್ಲಿ ಘಾಟು ಮೆತ್ತಗಾಗುತ್ತದೆ. ಮೊದಲು ಬರೀ ವೆನಿಲ್ಲಾ ಅನಿಸಿದ್ದರ ಅಡಿಯಿಂದ ಮಲೆನಾಡಿನ ಜೋನಿಬೆಲ್ಲದಂಥ ಕಪ್ಪು, ತುಸು ಸುಟ್ಟ ಸಿಹಿ ಮೇಲೆ ಬರುತ್ತದೆ. ಅದು ಮರದ್ದಲ್ಲ, ಮಾಲ್ಟಿನದು. ನಾನು ಈ ಬಿಯರನ್ನು ಮೆಚ್ಚುವುದು ಆ ಗಳಿಗೆಗಾಗಿ.

ಅಮೆರಿಕದ ದೊಡ್ಡ ಬಿಯರ್ ಉತ್ಸವಗಳಲ್ಲಿ ಒಬ್ಬರಿಗೆ ಒಂದು ಸಲಕ್ಕೆ ಸುರಿಯುವುದು ಒಂದು ಔನ್ಸ್, ಅಂದರೆ ಸುಮಾರು 30 ಮಿಲಿ. ಆ ಒಂದು ಗುಟುಕಿನಲ್ಲಿ ಜೋರು ದನಿಯ ಬಿಯರೇ ಗೆಲ್ಲುತ್ತದೆ, ಮೆದು ಮಾತಿನದು ಕೇಳಿಸುವುದೇ ಇಲ್ಲ. ಮೊಬೈಲಿನಲ್ಲಿ ನಕ್ಷತ್ರ ಒತ್ತುವ ಅನ್‌ಟ್ಯಾಪ್ಡ್‌ನಂಥ ಆ್ಯಪ್‌ಗಳ ಪಟ್ಟಿಯ ತುದಿಯಲ್ಲಿ ಪೀಪಾಯಿಯ ಗಟ್ಟಿ ಸ್ಟೌಟ್‌ಗಳೇ ತುಂಬಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ವಿರಳವೂ ದುಬಾರಿಯೂ ಆದ ಬಾಟಲಿಗೆ ಕಡಿಮೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಬರ್ಬನ್ ಕೌಂಟಿ ಬಿಡುಗಡೆಯಾಗುವ ನವೆಂಬರ್ ಕೊನೆಯ ‘ಬ್ಲ್ಯಾಕ್ ಫ್ರೈಡೇ’ ಮುಂಜಾನೆ ಚಳಿಯಲ್ಲಿ ಸಾಲು ನಿಂತು ಬಾಟಲಿ ಗಿಟ್ಟಿಸಿಕೊಂಡವರಿಂದ ನಿಷ್ಠುರವಾದ ಅಂಕ ನಿರೀಕ್ಷಿಸುವುದೂ ಕಷ್ಟವೇ.

ಹಾಗಾಗಿ ನಾನು ನೆಚ್ಚಿಕೊಂಡಿರುವುದು ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಹಾಳೆಯನ್ನು. ಅದರಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಕಟ್ಟಿಗೆ 5, ಒಟ್ಟಾರೆ ಅನುಭವಕ್ಕೆ 10. ಪ್ರತಿ ಅಂಕಣದ ಪಕ್ಕದಲ್ಲೂ ಕಾರಣ ಬರೆಯಲೇಬೇಕು. ಕಾರಣ ಬರೆಯಲು ಕೂತವರು ಇನ್ನೊಂದು ಗುಟುಕು ಕುಡಿದು ನೋಡುತ್ತಾರೆ. ಆ ಎರಡನೆಯ, ಮೂರನೆಯ ಗುಟುಕೇ ಈ ಬಗೆಯ ಬಿಯರಿಗೆ ಸಲ್ಲಬೇಕಾದ ನ್ಯಾಯ.

ತಪ್ಪುಗಳನ್ನು ಹಿಡಿಯುವುದಕ್ಕೂ ಆ ಹಾಳೆ ನೆರವಾಗುತ್ತದೆ. ಪೀಪಾಯಿ ಎಂದರೆ ಸೂಕ್ಷ್ಮಾಣುಗಳಿಗೂ ಮನೆ. 2015ರ ಬರ್ಬನ್ ಕೌಂಟಿಯ ಕೆಲವು ಬಗೆಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲೆರನ್ಸ್ ಎಂಬ ಬ್ಯಾಕ್ಟೀರಿಯಾ ಸೇರಿ ಬಿಯರ್ ಹುಳಿಯಾಗಿತ್ತು. ಗೂಸ್ ಐಲ್ಯಾಂಡ್ ತಪ್ಪೊಪ್ಪಿಕೊಂಡು ಕೊಂಡವರಿಗೆ ಹಣ ವಾಪಸ್ ಕೊಟ್ಟಿತು, ಮುಂದಿನ ವರ್ಷದಿಂದ ಪಾಶ್ಚರೀಕರಣ ಶುರು ಮಾಡಿತು. ಪಾಶ್ಚರೀಕರಣ ಮಾಡಿದರೆ ಬಾಟಲಿಯಲ್ಲಿ ಬಿಯರ್ ಬೆಳೆಯದು ಎಂದು ಆಗ ಅಭಿಮಾನಿಗಳು ಮುನಿಸಿಕೊಂಡರು. ನಾನು ಬ್ರೂವರಿಯ ಪರ. ಹುಳಿಯಾಗಬಾರದ ಬಿಯರ್ ಹುಳಿಯಾದರೆ ಬೆಳೆಯುವ ಮಾತೆಲ್ಲಿ?

ಪೀಪಾಯಿ ಬದಲಾದರೆ ತಕ್ಕಡಿ ಹೇಗೆ ವಾಲುತ್ತದೆ ಎಂದು ನೋಡಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಜೆ. ಡಬ್ಲ್ಯೂ. ಲೀಸ್ ಬ್ರೂವರಿಯ ‘ಹಾರ್ವೆಸ್ಟ್ ಏಲ್’ ಒಳ್ಳೆಯ ಜೋಡಿ. 1986ರಲ್ಲಿ ಶುರುವಾದ, ಶೇ 11.5ರ ಈ ತಾಮ್ರವರ್ಣದ ಏಲನ್ನು ಅವರು ಪೋರ್ಟ್ ಮತ್ತು ಶೆರ್ರಿ ವೈನ್, ಕ್ಯಾಲ್ವಡೋಸ್ ಎಂಬ ಸೇಬಿನ ಬ್ರಾಂದಿ, ಲಗಾವುಲಿನ್ ಇವುಗಳ ಪೀಪಾಯಿಗಳಲ್ಲಿ ಬೇರೆ ಬೇರೆಯಾಗಿ ಇಳಿಸಿದ್ದಾರೆ. ಶೆರ್ರಿ ಪೀಪಾಯಿ ಮಾಲ್ಟಿನ ಒಣದ್ರಾಕ್ಷಿ ಗುಣಕ್ಕೆ ಹೆಗಲು ಕೊಡುತ್ತದೆ. ಲಗಾವುಲಿನ್ ಎಂಬುದು ಪೀಟ್ ಎಂಬ ಜೌಗುಮಣ್ಣಿನ ಹೊಗೆ ಹಿಡಿದ ವಿಸ್ಕಿ. ಅದರ ಮರದಲ್ಲಿ ಇಟ್ಟಾಗ ಹೊಗೆಯೇ ಯಜಮಾನ. ಹೊಗೆ ಇಷ್ಟಪಡುವವರು ಅದಕ್ಕೇ ಮೊದಲ ಸ್ಥಾನ ಕೊಟ್ಟಾರು, ನಾನು ಕೊಡಲಾರೆ.

ಬರ್ಬನ್ ಕೌಂಟಿಗೆ ನನ್ನ ಹಾಳೆಯಲ್ಲಿ ಪರಿಮಳಕ್ಕೆ 11, ನೋಟಕ್ಕೆ ಪೂರ್ತಿ 3, ಮೈಕಟ್ಟಿಗೆ 4. ರುಚಿಗೆ 16 ಮಾತ್ರ: ಕೊನೆಯಲ್ಲಿ ಉಳಿಯುವ ವೆನಿಲ್ಲಾ ಮತ್ತು ಮದ್ಯಸಾರದ ಬಿಸಿ ಮಾಲ್ಟಿಗಿಂತ ತುಸು ಮುಂದೆಯೇ ನಿಲ್ಲುತ್ತವೆ, ಕಾದು ಕುಡಿದರೂ ಅದು ಪೂರ್ತಿ ಹೋಗುವುದಿಲ್ಲ. ಒಟ್ಟಾರೆಗೆ 8. ಕೂಡಿದರೆ 42; ಆ ಹಾಳೆಯ ಪ್ರಕಾರ ‘ಅತ್ಯುತ್ತಮ’ ದರ್ಜೆ, 45ರಿಂದ ಶುರುವಾಗುವ ‘ಅಸಾಧಾರಣ’ಕ್ಕೆ ಮೂರು ಕಡಿಮೆ.