‘ಡಿಸ್ಕಾರ್ಡ್’ ಅಂದರೆ ಬರೀ ಎಸೆಯುವುದಲ್ಲ

ನಮ್ಮ ಹಮ್ರಿಯಾದ ಯಾವ ಬ್ಯಾಚುಲರ್ ರೂಮಿಗೆ ಹೋದರೂ ಕಿಟಕಿಯ ಕಟ್ಟೆಯ ಮೇಲೋ ಫ್ರಿಜ್ಜಿನ ಮೇಲೋ ಒಂದು ಔಷಧಿ ಡಬ್ಬಿ ಇದ್ದೇ ಇರುತ್ತದೆ. ಅದರಲ್ಲಿ ಅರ್ಧ ಮುಗಿದ ಮಾತ್ರೆ ಸ್ಟ್ರಿಪ್, ಮೂರು ತಿಂಗಳ ಹಿಂದೆ ತೆರೆದ ಕಣ್ಣಿನ ಡ್ರಾಪ್ಸ್, ರಜೆಗೆ ಹೋದಾಗ ಊರಿನಿಂದ ತಂದ ಕೆಮ್ಮಿನ ಸಿರಪ್, ಯಾರೋ ಎಕ್ಸಿಟ್ ಹೋಗುವಾಗ ರೂಮಿನವರಿಗೆ ಬಿಟ್ಟುಹೋದ ಆಂಟಿಬಯೋಟಿಕ್. ಯಾವುದನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ. ದುಡಿದ ದುಡ್ಡು ಕೊಟ್ಟು ತಂದದ್ದು ತಾನೇ?

ಆದರೆ ಇವುಗಳಲ್ಲಿ ಕೆಲವು ಬಾಟಲಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ತೆರೆದ 28 ದಿನಗಳ ನಂತರ ಡಿಸ್ಕಾರ್ಡ್ ಮಾಡಿ. ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ಈ ಸಾಲನ್ನು ತೋರಿಸಿದಾಗಲೆಲ್ಲ ನನಗೆ ಸಿಗುವ ಪ್ರಶ್ನೆ ಒಂದೇ. “ಅಣ್ಣಾ, ಎಕ್ಸ್‌ಪೈರಿ ಇನ್ನೂ ಎರಡು ವರ್ಷ ಇದೆಯಲ್ಲ. ಬಾಟಲಿಯೂ ಅರ್ಧ ತುಂಬಿದೆ. ಯಾಕೆ ಎಸೆಯಬೇಕು?” ನ್ಯಾಯವಾದ ಪ್ರಶ್ನೆಯೇ. ಡಿ.ಫಾರ್ಮಾ ಓದುವಾಗ ಈ ಪದದ ಅರ್ಥ ಹೇಳಿಕೊಟ್ಟರೇ ಹೊರತು ಅದು ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲ. ಆಮೇಲೆ ಹುಡುಕಿ ಓದಿದಾಗ, ಉತ್ತರದ ಅರ್ಧ ಭಾಗ ಪದದ ಹೊಟ್ಟೆಯಲ್ಲೇ ಇದೆ ಎಂದು ಗೊತ್ತಾಯಿತು.

ಇಸ್ಪೀಟಿನಿಂದ ಬಂದ ಪದ

‘ಡಿಸ್’ ಎಂದರೆ ದೂರ, ಬೇರೆ. ‘ಕಾರ್ಡ್’ ಎಂದರೆ ಬೇರೇನೂ ಅಲ್ಲ, ಇಸ್ಪೀಟಿನ ಎಲೆ. ಕೈಯಲ್ಲಿರುವ ಎಲೆಗಳಲ್ಲಿ ಬೇಡವಾದ ಒಂದನ್ನು ಆರಿಸಿ ಕೆಳಗಿಡುವುದೇ ಡಿಸ್ಕಾರ್ಡ್. 16ನೇ ಶತಮಾನದ ಕೊನೆಯ ಭಾಗದಲ್ಲಿ ಈ ಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಫ್ರೆಂಚರಲ್ಲಿ ‘ಎಕಾರ್ತೆ’ ಎಂಬ ಇಸ್ಪೀಟು ಆಟವೇ ಇತ್ತು. ಆ ಹೆಸರಿನ ಅರ್ಥವೂ ‘ಕೆಳಗಿಟ್ಟದ್ದು’ ಎಂದೇ. ಆಟದ ಮೇಜಿನಿಂದ ಎದ್ದ ಪದ ನಿಧಾನವಾಗಿ ಹಳೆ ಬಟ್ಟೆ, ಹಳೆ ಸಾಮಾನು, ಹಳೆ ಅಭ್ಯಾಸ ಎಲ್ಲಕ್ಕೂ ಹರಡಿತು. ಕೊನೆಗೆ ಔಷಧಿ ಬಾಟಲಿಯ ಲೇಬಲ್ಲಿಗೂ ಬಂತು.

‘ಕಾರ್ಡ್’ ಪದದ ಪಯಣ ಇನ್ನೂ ಚೆಂದ. ಅದರ ಮೂಲ ಲ್ಯಾಟಿನ್ನಿನ ‘ಕಾರ್ಟಾ’. ಅದಕ್ಕೂ ಹಿಂದೆ ಗ್ರೀಕಿನ ‘ಖಾರ್ಟೆಸ್’, ಅಂದರೆ ಬರೆಯಲು ಬಳಸುತ್ತಿದ್ದ ಪಪೈರಸ್ ಹಾಳೆ. ನಾವು ಕನ್ನಡದಲ್ಲಿ ಇಸ್ಪೀಟು ‘ಎಲೆ’ ಎನ್ನುತ್ತೇವೆ. ಅರಬ್ಬಿಯಲ್ಲಿ ‘ವರಖ್’ ಎಂದರೆ ಮರದ ಎಲೆ, ಕಾಗದ, ಇಸ್ಪೀಟು, ಮೂರೂ ಹೌದು. ಆಸ್ಪತ್ರೆಯ ಮಂಚಕ್ಕೆ ನೇತುಹಾಕುವ ಚಾರ್ಟ್, ನಮ್ಮ ಜೇಬಿನಲ್ಲಿರುವ ರೆಸಿಡೆಂಟ್ ಕಾರ್ಡ್, ಎಲ್ಲ ಆ ಪಪೈರಸ್ ಹಾಳೆಯ ಸಂತಾನವೇ.

ಆಟವೂ ಯುರೋಪಿಗೆ ಈ ಕಡೆಯಿಂದಲೇ ಹೋದದ್ದು. ಈಜಿಪ್ಟಿನ ಮಮ್ಲೂಕರ ಕಾಲದ ಇಸ್ಪೀಟು ಕಟ್ಟೊಂದು ಇಂದಿಗೂ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮಲಿಕ್ ಎಂದರೆ ರಾಜ, ಅವನ ಕೆಳಗೆ ನಾಯಿಬ್. ಇಲ್ಲಿನ ಕಚೇರಿಗಳಲ್ಲಿ ಕೇಳಿಬರುವ ಅದೇ ನಾಯಿಬ್, ಉಪ ಅಧಿಕಾರಿ. 1370ರ ದಶಕದ ಹೊತ್ತಿಗೆ ಎಲೆಗಳು ಯುರೋಪ್ ಮುಟ್ಟಿದ್ದವು. ಸ್ಪೇನಿನವರು ಇಸ್ಪೀಟಿಗೆ ‘ನೈಪೆ’ ಎನ್ನುವುದು ಈ ನಾಯಿಬ್‌ನಿಂದಲೇ ಎಂದು ಬಲ್ಲವರು ಹೇಳುತ್ತಾರೆ. ಕುವೈತ್, ಬಹ್ರೇನಿನ ಹಳಬರು ಇಸ್ಪೀಟಿಗೆ ‘ಜಂಜಫಾ’ ಎನ್ನುತ್ತಾರೆ. ಹೆಸರು ಎಲ್ಲೋ ಕೇಳಿದಂತಿದೆಯೇ? ಹೌದು, ನಮ್ಮ ಮೈಸೂರಿನ ‘ಗಂಜೀಫಾ’. ಮುಮ್ಮಡಿ ಕೃಷ್ಣರಾಜ ಒಡೆಯರ್ ಆಸಕ್ತಿಯಿಂದ ಬೆಳೆಸಿದ, ದೇವರ ಚಿತ್ರ ಬರೆದ ಆ ಪುಟ್ಟ ಎಲೆಗಳು. ಕೊಲ್ಲಿಗೂ ಮೈಸೂರಿಗೂ ಇಸ್ಪೀಟಿನ ಹೆಸರಿನಲ್ಲೂ ನಂಟಿದೆ ಎಂದಾಯಿತು.

ನಮ್ಮಲ್ಲಿ ಎಷ್ಟೊಂದು ‘ಎಸೆತ’

ಡಿಸ್ಕಾರ್ಡ್‌ಗೆ ಕನ್ನಡ ಏನು ಎಂದು ಕೇಳಿದರೆ ನಮ್ಮ ಸಂಘದಲ್ಲೇ ಹತ್ತು ಉತ್ತರ ಬರುತ್ತದೆ. ಮಂಗಳೂರಿನವರು ‘ಬಿಸಾಡಿ’ ಎನ್ನುತ್ತಾರೆ. ಕಲಬುರಗಿ, ವಿಜಯಪುರದವರು ‘ಒಗೀರಿ’ ಎನ್ನುತ್ತಾರೆ. ಅದನ್ನು ಕೇಳಿದ ಮೈಸೂರಿನವರು, ಬಾಟಲಿಯನ್ನು ಸೋಪು ಹಾಕಿ ತೊಳೆಯಬೇಕೇನೋ ಎಂದುಕೊಂಡರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ‘ದಕ್ಕಿತು’ ಎಂದರೆ ಕೈಗೆ ಸಿಕ್ಕಿತು ಎಂದರ್ಥ. ತುಳುವಿನಲ್ಲಿ ‘ದಕ್ಕುನಿ’ ಎಂದರೆ ಎಸೆಯುವುದು! ನನಗೆ ಮಾತ್ರ ಇಸ್ಪೀಟು ಆಡುವವರ ಮಾತೇ ಹಿಡಿಸಿದ್ದು: ‘ಎಲೆ ಬಿಡುವುದು’. ಬಿಡುವುದರಲ್ಲಿ ಸಿಟ್ಟಿಲ್ಲ, ತಾತ್ಸಾರವಿಲ್ಲ, ಯೋಚನೆ ಇದೆ.

ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು

ಗುರುವಾರ ರಾತ್ರಿ ರೂಮಿನಲ್ಲಿ ರಮ್ಮಿ ಆಡುವವರಿಗೆ ಇದು ಚೆನ್ನಾಗಿ ಗೊತ್ತು. (ಹಣ ಇಟ್ಟು ಆಡುವುದು ಈ ದೇಶದಲ್ಲಿ ಅಪರಾಧ. ನಾನು ಹೇಳುತ್ತಿರುವುದು ಸುಲೈಮಾನಿ ಚಹಾ ಕುಡಿಯುತ್ತ ಆಡುವ ಆಟದ ಬಗ್ಗೆ.) ಕೈಯಲ್ಲಿ 13 ಎಲೆ. ಒಂದು ಎತ್ತಿದರೆ ಒಂದು ಬಿಡಲೇಬೇಕು. ರಾಜ, ರಾಣಿ ಎಂದು ಆಸೆಯಿಂದ ಹಿಡಿದುಕೊಂಡು ಕೂತವನಿಗೆ, ಎದುರಿನವನು ಶೋ ಮಾಡಿದಾಗ ಎಲೆಗೆ 10ರಂತೆ ಪಾಯಿಂಟ್ ಬೀಳುತ್ತದೆ.

1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ, ರಮ್ಮಿ ಅದೃಷ್ಟದ ಆಟವೋ ಬುದ್ಧಿಯ ಆಟವೋ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬುದಕ್ಕೆ ಸಾಕಷ್ಟು ಜಾಣ್ಮೆ ಬೇಕು, ಆದ್ದರಿಂದ ಇದು ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ ಹೇಳಿತು. ಅಂದರೆ ಬಿಡುವುದು ನಷ್ಟವಲ್ಲ, ಬಿಡುವುದೇ ಆಟ. ಔಷಧಿಯ ವಿಷಯವೂ ಹೀಗೇ.

ಎಕ್ಸ್‌ಪೈರಿ ಬೇರೆ, ಡಿಸ್ಕಾರ್ಡ್ ಬೇರೆ

ಎಕ್ಸ್‌ಪೈರ್ ಎಂಬ ಪದದ ಲ್ಯಾಟಿನ್ ಮೂಲದ ಅರ್ಥ ‘ಉಸಿರು ಹೊರಬಿಡು’. ಊರಿನಿಂದ ಫೋನಿನಲ್ಲಿ “ಅಜ್ಜ ಎಕ್ಸ್‌ಪೈರ್ ಆದರು” ಎನ್ನುತ್ತಾರಲ್ಲ, ಅದೇ ಅರ್ಥ. ಔಷಧಿಯ ಎಕ್ಸ್‌ಪೈರಿ ದಿನಾಂಕ, ಸೀಲ್ ಒಡೆಯದ ಬಾಟಲಿಯನ್ನು ಹೇಳಿದ ರೀತಿಯಲ್ಲಿ ಇಟ್ಟರೆ ಎಂದು ಲೆಕ್ಕ ಹಾಕಿ ಕಂಪನಿ ಅಚ್ಚು ಹಾಕಿದ್ದು. ಸೀಲ್ ಒಡೆದ ಕ್ಷಣದಿಂದ ಇನ್ನೊಂದು ಗಡಿಯಾರ ಓಡತೊಡಗುತ್ತದೆ. ಡಿಸ್ಕಾರ್ಡ್ ಎಂಬುದು ಆ ಎರಡನೇ ಗಡಿಯಾರ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆ.

ಕಣ್ಣಿನ ಡ್ರಾಪ್ಸ್ ನೋಡಿ. ತೆರೆದ ಮೇಲೆ ಹನಿ ಹಾಕಿಕೊಳ್ಳುವಾಗಲೆಲ್ಲ ಬಾಟಲಿಯ ತುದಿ ಗಾಳಿಗೆ, ಬೆರಳಿಗೆ, ರೆಪ್ಪೆಗೆ ತಾಗುತ್ತದೆ. ಒಳಗಿನ ಸಂರಕ್ಷಕ ರಾಸಾಯನಿಕ ಸೂಕ್ಷ್ಮಾಣುಗಳನ್ನು ಸ್ವಲ್ಪ ಕಾಲ ತಡೆಯುತ್ತದೆ, ಸದಾಕಾಲ ಅಲ್ಲ. ಅದಕ್ಕೇ ಹೆಚ್ಚಿನ ಬಾಟಲಿಗಳಿಗೆ 28 ದಿನ. ಅರ್ಧ ಬಾಟಲಿ ಉಳಿಸಲು ಹೋಗಿ ಸೋಂಕು ಕಣ್ಣಿನ ಕಾರ್ನಿಯಾವನ್ನು ಹಿಡಿದರೆ ದೃಷ್ಟಿಗೇ ಕುತ್ತು. ಸೈಟಿನಲ್ಲಿ, ಡ್ರೈವಿಂಗ್‌ನಲ್ಲಿ ಇರುವವರಿಗೆ ಕಣ್ಣೇ ಸಂಬಳ.

ನೀರು ಬೆರೆಸಿ ತಯಾರಿಸುವ ಮಕ್ಕಳ ಆಂಟಿಬಯೋಟಿಕ್ ಸಿರಪ್ಪಿನ ಆಯುಸ್ಸು ಇನ್ನೂ ಕಡಿಮೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಸಿರಪ್ ಫ್ರಿಜ್ಜಿನಲ್ಲಿಟ್ಟರೂ 7 ದಿನ ಮಾತ್ರ. ಇನ್ಸುಲಿನ್ ತೆರೆಯುವವರೆಗೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಅಲ್ಲ. ಬಳಸಲು ಶುರು ಮಾಡಿದ ಮೇಲೆ ಹಲವು ಬಗೆಯವಕ್ಕೆ 28 ದಿನ. ಕೆಲವಕ್ಕೆ ಬೇರೆ ಲೆಕ್ಕ ಇರುವುದರಿಂದ ನಿಮ್ಮ ಪೆನ್ನಿನ ಚೀಟಿ ನೋಡಿ. ಜೂನ್ ತಿಂಗಳ ಮಸ್ಕತ್ತಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪೆನ್ನಿಗೆ ಆ ದಿನಗಳ ಲೆಕ್ಕವೂ ನಡೆಯುವುದಿಲ್ಲ. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಕಾಣಬಹುದು. ಶುಗರ್ ಮಾತ್ರ ಇಳಿಯುವುದಿಲ್ಲ.

ಇನ್ನು ಡಬ್ಬಿಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ. ಡಾಕ್ಟರ್ ಹೇಳಿದಷ್ಟು ದಿನ ತಿಂದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ. ಉಳಿದದ್ದನ್ನು ರೂಮಿನವರ ಜ್ವರಕ್ಕೆ ಎರಡು, ಮೂರು ಕೊಡುವುದು ಸಹಾಯವಲ್ಲ. ಸಾಮಾನ್ಯ ನೆಗಡಿಗೆ ಅದು ಕೆಲಸ ಮಾಡುವುದೇ ಇಲ್ಲ, ಕೆಲವರಿಗೆ ಅಲರ್ಜಿಯಾಗಿ ಪ್ರಾಣಕ್ಕೂ ಬರಬಹುದು.

ಮನುಷ್ಯ ಎಲೆಯಲ್ಲ

ಡಿಸ್ಕಾರ್ಡ್ ಪದಕ್ಕೆ ಹಳೆಯ ಇನ್ನೊಂದು ಅರ್ಥವಿದೆ: ಆಳನ್ನು ಕೆಲಸದಿಂದ ತೆಗೆದುಹಾಕುವುದು. ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ದೊಡ್ಡ ಸೇನಾಪತಿಯೇ ತನ್ನನ್ನು ಕುರಿತು ಈ ಪದ ಬಳಸಿ ಗೋಳಾಡುತ್ತಾನೆ. ಕಾರ್ಡಿನ ಮೇಲೆ ಬದುಕು ನಿಂತಿರುವ ನಮಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ನಿಜ ಹೇಳಬೇಕೆಂದರೆ ರೂಮಿನ ಔಷಧಿ ಡಬ್ಬಿ ಬೆಳೆಯುವುದೂ ಈ ಭಯದಿಂದಲೇ. ರಜೆ ಹಾಕಿದರೆ ಸಂಬಳ ಕಡಿತ, ಕಾಯಿಲೆ ಗೊತ್ತಾದರೆ ಊರಿಗೆ ಕಳಿಸಿಬಿಡುತ್ತಾರೇನೋ ಎಂಬ ಅಳುಕು. ಹಾಗಾಗಿ ಶುಗರ್ ಇದ್ದವರು ಮುಚ್ಚಿಡುತ್ತಾರೆ, ಬಿಪಿ ಇದ್ದವರು ಪಕ್ಕದ ಮಂಚದವರ ಮಾತ್ರೆ ನುಂಗುತ್ತಾರೆ. ಕೌಂಟರಿಗೆ ಬರುವ ಹೊತ್ತಿಗೆ ಕಾಲಿನ ಗಾಯ ದೊಡ್ಡದಾಗಿರುತ್ತದೆ. ತಾನು ಬೇಡವಾದ ಎಲೆ ಆಗಬಾರದೆಂದು ಹೆದರಿ, ಬಿಡಬೇಕಾದ ಔಷಧಿಯನ್ನು ಹಿಡಿದುಕೊಂಡು ಕೂತರೆ ಆ ಭಯವೇ ನಿಜವಾಗುತ್ತದೆ. ಹೊತ್ತಿಗೆ ಸರಿಯಾಗಿ ತೋರಿಸಿಕೊಂಡು ಶುಗರ್, ಬಿಪಿ ಹತೋಟಿಯಲ್ಲಿಟ್ಟುಕೊಂಡವರು ವರ್ಷಗಟ್ಟಲೆ ಚೆನ್ನಾಗಿ ದುಡಿಯುತ್ತಿರುವುದನ್ನು ನಾನು ದಿನಾ ನೋಡುತ್ತೇನೆ.

ಬಿಟ್ಟ ಎಲೆಯನ್ನು ಮತ್ತೊಬ್ಬ ಎತ್ತುತ್ತಾನೆ

ರಮ್ಮಿಯಲ್ಲಿ ನೀವು ಬಿಟ್ಟ ಎಲೆಯನ್ನು ಮುಂದಿನವನು ಎತ್ತಬಹುದು. ಔಷಧಿಯೂ ಹಾಗೇ. ಕಸದ ಬುಟ್ಟಿಗೆ ಹಾಗೇ ಹಾಕಿದರೆ ಮಗುವಿಗೋ ಕಸ ಆಯುವವರಿಗೋ ಸಿಗುತ್ತದೆ, ಸಿಂಕಿಗೆ ಸುರಿದರೆ ನೀರು ಸೇರುತ್ತದೆ. ಆಸ್ಪತ್ರೆಗಳಿಗೆ ಇದಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವಧಿ ಮೀರಿದ, ಬೇಡವಾದ ಔಷಧಿ ಹಳದಿ ಚೀಲಕ್ಕೇ ಹೋಗಬೇಕು. ರೂಮಿನಲ್ಲಿ ನಾವು ಮಾಡಬಹುದಾದದ್ದು ಇಷ್ಟು:

• ಬಾಟಲಿ ತೆರೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಕೊನೆಯ ದಿನವನ್ನೂ ಬರೆದರೆ ಇನ್ನೂ ಒಳ್ಳೆಯದು.

• ಹಳೆ ಔಷಧಿ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ನಿಮ್ಮ ಆಸ್ಪತ್ರೆಯ ಅಥವಾ ಹತ್ತಿರದ ಫಾರ್ಮಸಿಯಲ್ಲಿ ಕೇಳಿ.

• ಇಲ್ಲವೆಂದರೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಬಳಸಿದ ಚಹಾಪುಡಿಯ ಜೊತೆ ಕಲಸಿ, ಚೀಲದಲ್ಲಿ ಗಂಟು ಕಟ್ಟಿ ಕಸಕ್ಕೆ ಹಾಕಿ. ಯಾರಿಗೂ ಎತ್ತುವ ಮನಸ್ಸಾಗಬಾರದು.

• ಇನ್ಸುಲಿನ್ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ; ಅದನ್ನು ಎಲ್ಲಿ ಕೊಡಬೇಕೆಂದು ಫಾರ್ಮಸಿಯಲ್ಲಿ ಕೇಳಿ. ಕಸ ತೆಗೆಯುವವನೂ ನಮ್ಮ ಹಾಗೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನೇ. ಅವನ ಕೈಗೆ ನಮ್ಮ ಸೂಜಿ ಚುಚ್ಚಬಾರದು.

• ಲೇಬಲ್ ಅರ್ಥವಾಗದಿದ್ದರೆ ಸಂಕೋಚ ಬೇಡ, ಬಾಟಲಿ ಹಿಡಿದುಕೊಂಡು ಬನ್ನಿ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತೇವೆ.

ಈ ಶುಕ್ರವಾರ ಬಟ್ಟೆ ಒಗೆದು, ಊರಿಗೆ ಫೋನ್ ಮಾಡಿ ಮುಗಿಸಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ರೂಮಿನವರನ್ನೂ ಕೂರಿಸಿಕೊಳ್ಳಿ. ಒಂದೊಂದೇ ಬಾಟಲಿ ಎತ್ತಿ ತಾರೀಖು ನೋಡಿ. ಹಿಡಿಯುವುದನ್ನು ಹಿಡಿಯಿರಿ, ಬಿಡುವುದನ್ನು ಬಿಡಿ.