ಕರುಳಿನ ಉರಿಯೂತವಿದ್ದವರು ಫ್ಲೂ ಲಸಿಕೆಗೆ ಅಂಜಬೇಕೇ?

ಕಾರವಾರ: ಜೂನ್‌ನಲ್ಲಿ ಮುಂಗಾರು ಕರಾವಳಿಗೆ ಕಾಲಿಟ್ಟ ಬೆನ್ನಿಗೇ ಜ್ವರ, ಕೆಮ್ಮಿನ ಸರದಿ. ಕಾರವಾರ, ಅಂಕೋಲಾ ಕಡೆಯ ಆರೋಗ್ಯವಂತರು ಕಷಾಯ ಕುಡಿದು, ನಾಲ್ಕು ದಿನ ಮಲಗಿ ಎದ್ದಾರು. ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಫ್ಲೂ ಅಷ್ಟು ಹಗುರವಲ್ಲ.

ಈ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅದನ್ನು ಹತ್ತಿಕ್ಕುವ ಸ್ಟೀರಾಯ್ಡ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧಗಳು ಸೋಂಕನ್ನು ಎದುರಿಸುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಹೀಗಾಗಿ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಇವರಿಗೆ ಹೆಚ್ಚು.

ಲಸಿಕೆಯೇ ಕಾಯಿಲೆಯನ್ನು ಕೆರಳಿಸೀತೆಂಬುದು ಹಲವರ ಅಂಜಿಕೆ. ಅಧ್ಯಯನಗಳು ಇದನ್ನು ಸಮರ್ಥಿಸಿಲ್ಲ. ಸೂಜಿಯ ಮೂಲಕ ನೀಡುವ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲದ್ದರಿಂದ ಅದರಿಂದ ಫ್ಲೂ ಬರಲಾರದು. ತೋಳುನೋವು, ಒಂದೆರಡು ದಿನದ ಮೈಬಿಸಿ ಸಾಮಾನ್ಯ. ಮೂಗಿಗೆ ಸಿಂಪಡಿಸುವ ಲಸಿಕೆಯ ಮಾತು ಬೇರೆ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೆ ಅದು ಸಲ್ಲದು.

ಇಂಥ ಔಷಧಗಳಿಂದ ಲಸಿಕೆಯ ಪರಿಣಾಮ ತುಸು ತಗ್ಗಬಹುದು. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ಕರುಳಿನ ಬಾಧೆ ಮರುಕಳಿಸೀತು.

ಲಸಿಕೆಯ ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಆದ್ದರಿಂದ ಮಳೆಗೆ ಮುನ್ನ, ಏಪ್ರಿಲ್–ಮೇ ತಿಂಗಳಲ್ಲೇ ಹಾಕಿಸಿಕೊಳ್ಳುವುದು ಲೇಸು. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿವರ್ಷವೂ ಲಸಿಕೆ ಅಗತ್ಯ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲವಾದ್ದರಿಂದ ಸಾಮಾನ್ಯವಾಗಿ ಸ್ವಂತ ಖರ್ಚಿನಲ್ಲೇ ಪಡೆಯಬೇಕು.

ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಸದ್ಯ ಜ್ವರವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಸೇವಿಸುತ್ತಿರುವ ಔಷಧಗಳ ಚೀಟಿ ಜತೆಯಲ್ಲಿರಲಿ.